ಬೀದಿ ಉಳಿಯಿತು, ಬೀದಿಯ ಜನ?



ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರದ ಬಳಿ ನಿಂತು ಪೂರ್ವಕ್ಕೆ ನೋಡಿದರೆ ಮಾತಂಗ ಬೆಟ್ಟದ ತಪ್ಪಲಿನ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದದ ರಥಬೀದಿ ಕಾಣುತ್ತದೆ. ಇಕ್ಕೆಲಗಳಲ್ಲೂ ಕಲ್ಲಿನ ಸಾಲುಮಂಟಪಗಳು. ಇಂದು ಅವುಗಳಲ್ಲಿ ಸಂಸಾರಗಳಿಲ್ಲ. 2011ರವರೆಗೆ ಹಾಗಿರಲಿಲ್ಲ. ಇಲ್ಲೊಂದು ಖಾನಾವಳಿ, ಪಕ್ಕದಲ್ಲಿ ಪುಸ್ತಕದಂಗಡಿ, ಅದರಾಚೆ ಬಾಡಿಗೆ ಸೈಕಲ್ಲು, ಕಾಯಿ-ಕರ್ಪೂರ. ಹಿಂಬದಿಯ ಕೋಣೆಯಲ್ಲಿ ಮನೆಯವರ ಒಲೆ.

ಇದೆಲ್ಲ ನಿನ್ನೆ ಮೊನ್ನೆಯ ಒತ್ತುವರಿ ಎಂಬ ಮಾತುಂಟು. ಪೂರ್ತಿ ನಿಜವಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿ ಜಗುಲಿ-ಮೊಗಸಾಲೆಗಳುಳ್ಳ ಚೆಲುವಾದ ಮನೆಗಳಿದ್ದವೆಂದೂ ಯಾತ್ರಿಕರು ಅಲ್ಲಿ ತಂಗುತ್ತಿದ್ದರೆಂದೂ ಬರೆದಿದ್ದಾನೆ. ಅರಸನಿಗೂ ಇದೇ ಬೀದಿಯಲ್ಲಿ ಒಂದು ಅರಮನೆಯಿತ್ತಂತೆ. ಅಂದರೆ ಬೀದಿ ಹುಟ್ಟಿದ್ದೇ ಜನವಸತಿಗಾಗಿ. 1565ರ ಯುದ್ಧದ ನಂತರ ರಾಜಧಾನಿ ಪಾಳುಬಿದ್ದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. ದೇವರಿದ್ದಲ್ಲಿಗೆ ಭಕ್ತರು, ಭಕ್ತರ ಹಿಂದೆ ಅಂಗಡಿಗಳು. ಮಂಟಪಗಳಲ್ಲಿ ಮತ್ತೆ ಒಲೆ ಹೊತ್ತಿದ್ದು ಹೀಗೆ.

ಹಾಗೆಂದು ಸರಕಾರದ ವಾದ ಪೊಳ್ಳೇನಲ್ಲ. ಐದು ಶತಮಾನದ ಕಂಬಗಳ ನಡುವೆ ಇಟ್ಟಿಗೆ ಗೋಡೆಗಳೆದ್ದಿದ್ದವು, ಸಿಮೆಂಟು ಮೆತ್ತಿಕೊಂಡಿತ್ತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತ್ತು. 2006ರಲ್ಲಷ್ಟೇ ಅದರಿಂದ ಹೊರಬಂತು. ಆ ಅಪಾಯಕ್ಕೆ ಮುಖ್ಯ ಕಾರಣ ತೂಗುಸೇತುವೆಗಳ ನಿರ್ಮಾಣ. ಅವನ್ನು ಕಟ್ಟಿಸಿದವರು ಬಜಾರಿನ ಬಡಪಾಯಿಗಳಲ್ಲ ಎಂಬುದು ಬೇರೆ ಮಾತು.

2011ರ ಜುಲೈ ಕೊನೆಯಲ್ಲಿ ಜೆಸಿಬಿಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಸಾಮಾನು ಕಟ್ಟಿಕೊಳ್ಳಲೂ ಪುರುಸೊತ್ತು ಸಿಗಲಿಲ್ಲವೆಂಬುದು ಅವರ ದೂರು. ಪುನರ್ವಸತಿಗೆ ಗೊತ್ತುಮಾಡಿದ್ದು ಸುಮಾರು ನಾಲ್ಕು ಕಿಲೋಮೀಟರು ದೂರದ ಕಡ್ಡಿರಾಂಪುರ. ನಕ್ಷೆಯಲ್ಲಿ ನಾಲ್ಕು ಕಿಲೋಮೀಟರು ಏನೂ ಅಲ್ಲ. ಆದರೆ ಕಾಯಿ ಮಾರುವವಳಿಗೆ ಗಿರಾಕಿ ಸಿಗುವುದು ಗೋಪುರದ ಎದುರಿನಲ್ಲಿ. ಅವಳ ಮನೆಯೇ ಅಂಗಡಿ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ವ್ಯಾಪಾರಕ್ಕೆ ಕೂರಬಹುದಿತ್ತು. ನಿವೇಶನ ಕೊಟ್ಟರೆ ಗೋಡೆ ಎಬ್ಬಿಸಬಹುದು, ಗಿರಾಕಿಯನ್ನು ಎಲ್ಲಿಂದ ತರುವುದು? ಪರಿಹಾರದ ಲೆಕ್ಕ ಚದರಡಿಯಲ್ಲಿ ನಡೆಯುತ್ತದೆ. ಜಾಗದ ಬೆಲೆ ಅದಕ್ಕೆ ಸಿಗುವುದಿಲ್ಲ.

ಕಟ್ಟಡ, ಜನ ಎರಡನ್ನೂ ಉಳಿಸುವ ದಾರಿ ಇರಲಿಲ್ಲವೇ? ಇಟಲಿಯ ಬೊಲೊನ್ಯ ನಗರಸಭೆ 1973ರಲ್ಲಿ ಹಳೆಯ ಪೇಟೆಯ ಮನೆಗಳನ್ನು ದುರಸ್ತಿ ಮಾಡಿ, ಹಳೆಯ ಬಾಡಿಗೆದಾರರಿಗೇ ಕೈಗೆಟಕುವ ದರದಲ್ಲಿ ಕೊಡುವ ಯೋಜನೆ ಹಾಕಿತು. ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ಆದರೂ ಬಡಗಿ, ಅಕ್ಕಸಾಲಿಗರಿದ್ದರೇ ಅದು ಪೇಟೆ ಎಂದು ಸರಕಾರಿ ನಕ್ಷೆಯೊಂದು ಒಪ್ಪಿಕೊಂಡಿದ್ದೇ ದೊಡ್ಡ ಸಂಗತಿ. ಹಂಪಿಯಲ್ಲೂ ಇಟ್ಟಿಗೆ ಗೋಡೆ ತೆಗೆಸಿ, ಕಾಯಿ, ಹೂವು, ಊಟದ ಅಂಗಡಿಗಳಿಗೆ ನಿಯಮ ಹಾಕಿ ಅಲ್ಲೇ ಉಳಿಸಬಹುದಿತ್ತೇ ಎಂಬ ಪ್ರಶ್ನೆ ಇಂದಿಗೂ ಹಾಗೆಯೇ ಇದೆ.

ಚೈತ್ರದಲ್ಲಿ ಇದೇ ಬೀದಿಯಲ್ಲಿ ವಿರೂಪಾಕ್ಷನ ತೇರು ಎಳೆಯುತ್ತಾರೆ. ಅಂದು ಕಾಲಿಡಲೂ ಜಾಗವಿರುವುದಿಲ್ಲ. ಆ ಜನಸಂದಣಿಯಲ್ಲಿ ಈ ಬೀದಿಯಲ್ಲೇ ಹುಟ್ಟಿ ಬೆಳೆದವರೂ ಇರುತ್ತಾರೆ. ಜಾತ್ರೆ ಮುಗಿದ ಮೇಲೆ ಅವರೂ ಪರವೂರಿನವರಂತೆ ಬಸ್ಸು ಹಿಡಿಯಬೇಕು.