ಯಂತ್ರ ಬರೆದ ಪಾಠ, ಮೇಷ್ಟ್ರು ಮಾಡುವ ಪಾಠ



ಕೊಳಗಲ್ಲು, ಕುರುಗೋಡು, ಸಿರುಗುಪ್ಪದ ಕಡೆಯ ನಿಮ್ಮಲ್ಲಿ ಕೆಲವರಿಗಾದರೂ ಪ್ರೌಢಶಾಲಾ ಶಿಕ್ಷಕರಾಗುವ ಆಸೆಯಿರಬಹುದು. ಪದವಿ, ಬಿ.ಎಡ್. ಮುಗಿಸುವಷ್ಟರಲ್ಲಿ ಕೃತಕ ಬುದ್ಧಿಮತ್ತೆ ಆ ಕೆಲಸವನ್ನೇ ನುಂಗಿಬಿಟ್ಟರೆ? ಈ ಭಯ ಸುಮ್ಮನೆ ಹುಟ್ಟಿದ್ದಲ್ಲ.

2023ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಶನ್ ಕೂಡಿ, ಬೆಂಗಳೂರಿನ ಸುತ್ತಮುತ್ತಲ ಕೆಲವು ಸರ್ಕಾರಿ ಶಾಲೆಗಳಿಗೆ 'ಶಿಕ್ಷಾ ಕೋಪೈಲಟ್' ಎಂಬ ಸಾಧನವನ್ನು ಪ್ರಯೋಗಾರ್ಥವಾಗಿ ತಂದವು. ತರಗತಿ, ವಿಷಯ, ಪಾಠದ ಹೆಸರು ಕೊಟ್ಟರೆ ಸಾಕು. ಪಠ್ಯಕ್ರಮಕ್ಕೆ ಹೊಂದುವ ಪಾಠಯೋಜನೆ, ಚಟುವಟಿಕೆ, ಪ್ರಶ್ನೆಗಳು ಕೆಲವೇ ನಿಮಿಷಗಳಲ್ಲಿ ಸಿದ್ಧ. ರಾತ್ರಿಯೆಲ್ಲ ಕೂತು ಪಾಠಟಿಪ್ಪಣಿ ಬರೆದವರಿಗೆ ಇದರ ಸುಖ ಗೊತ್ತು. ನಾನಂತೂ ಇದನ್ನು ಹಳಿಯಲಾರೆ.

ಆದರೆ ಆ ಪಾಠ ನಮ್ಮ ಸೀಮೆಯ ಹತ್ತನೆಯ ತರಗತಿಗೆ ಬಂತೆನ್ನಿ. ಹಿಂದಿನ ಬೆಂಚಿನಲ್ಲೊಬ್ಬಳು ಹುಡುಗಿ, ಮನೆಮಾತು ತೆಲುಗು. ಹೋದ ವರ್ಷ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಹದಿನೈದು ದಿನ ಹೊಲಕ್ಕೆ ಹೋಗಿದ್ದಳು. 'ಅರ್ಥವಾಯಿತೇ?' ಎಂದರೆ ತಲೆಯಾಡಿಸುತ್ತಾಳೆ. ಅವಳನ್ನು ತಡೆದಿರುವುದು ಇಂದಿನ ವರ್ಗಸಮೀಕರಣವಲ್ಲ, ಅಂದು ತಪ್ಪಿಹೋದ ಅಪವರ್ತನ. ಯಂತ್ರಕ್ಕೆ ಇದನ್ನು ಯಾರೂ ಹೇಳಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಅಳಿಸಿದ ಗುರುತು ಕಂಡ ಮೇಷ್ಟ್ರಿಗೆ ಮಾತ್ರ ಗೊತ್ತು.

ಅಲ್ಲದೆ, ಯಂತ್ರ ತಪ್ಪನ್ನೂ ಅಷ್ಟೇ ಒಪ್ಪವಾಗಿ ಬರೆಯುತ್ತದೆ! ಅದನ್ನು ಹಿಡಿಯಬೇಕಾದರೆ ಶಿಕ್ಷಕರಿಗೆ ವಿಷಯಜ್ಞಾನ ಮೊದಲಿಗಿಂತ ಗಟ್ಟಿಯಾಗಿರಬೇಕು.

ಆಸೆಯಿದ್ದವರು ಇಂದೇ ಒಂದು ಕೆಲಸ ಮಾಡಿ. ತಮ್ಮನನ್ನೋ ತಂಗಿಯನ್ನೋ ಕೂರಿಸಿಕೊಂಡು ಒಂದು ಲೆಕ್ಕ ಮಾಡಿಸಿ. ಉತ್ತರ ತಪ್ಪಾದರೆ ತಿದ್ದುವ ಮೊದಲು, 'ಇದು ಹೇಗೆ ಬಂತು?' ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರಿ.