ಉಸಿರಿನ ಲೆಕ್ಕ



ನಮ್ಮ ವಾಚನಾಲಯಕ್ಕೆ ಠಾಣೆ-ಬೇಲಾಪುರ ಪಟ್ಟಿಯಿಂದಲೂ ಡೊಂಬಿವಲಿಯಿಂದಲೂ ಪಾಳಿ ಮುಗಿಸಿ ಬರುವವರಿದ್ದಾರೆ. ಅಂಗಿಗೆ ಹತ್ತಿದ ಥಿನ್ನರಿನ ವಾಸನೆಯಿಂದಲೇ ಯಾರು ಎಲ್ಲಿಯವರೆಂದು ನಾವು ಹೇಳಬಲ್ಲೆವು. ಆದರೆ ಮೂಗು ನಂಬತಕ್ಕ ಸಾಕ್ಷಿಯಲ್ಲ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಹೈಡ್ರೋಜನ್ ಸಲ್ಫೈಡು ಹೆಚ್ಚಾದರೆ ಮೂಗಿನ ಶಕ್ತಿಯೇ ಉಡುಗಿಹೋಗುತ್ತದೆ. ಆದುದರಿಂದ ಅಳೆಯಬೇಕು.

ಹಿಂದೆ ಶೆಡ್ಡಿನ ಒಂದು ಮೂಲೆಯಲ್ಲಿ ಯಂತ್ರವಿಟ್ಟು ಗಾಳಿ ಹಿಡಿಯುತ್ತಿದ್ದರು. ಮೂಲೆಯಲ್ಲಿ ನಿಂತು ಉಸಿರಾಡುವವರು ಯಾರು? ಬಗ್ಗಿ ಪೀಪಾಯಿ ಕಲಕುವವನ ಮೂಗಿನ ಬಳಿಯ ಗಾಳಿಯೇ ಬೇರೆ. ಇಂಗ್ಲೆಂಡಿನ ಹಾರ್ವೆಲ್ ಅಣುಶಕ್ತಿ ಕೇಂದ್ರದವರು 1960ರಲ್ಲಿ ಮೈಮೇಲೆ ಧರಿಸುವ ಪುಟ್ಟ ಪಂಪಿನ ವಿವರ ಪ್ರಕಟಿಸಿದರು. ಈಗಿನ ಪದ್ಧತಿಯಲ್ಲಿ ಪಂಪು ಸೊಂಟದ ಬೆಲ್ಟಿಗೆ, ಇದ್ದಿಲ ಪುಡಿ ತುಂಬಿದ ಗಾಜಿನ ನಳಿಕೆ ಕಾಲರಿಗೆ. ಪಾಳಿ ಮುಗಿದ ಮೇಲೆ ನಳಿಕೆ ಪ್ರಯೋಗಶಾಲೆಗೆ ಹೋಗುತ್ತದೆ. ಇದ್ದಿಲು ಎರಡು ಭಾಗವಾಗಿರುತ್ತದೆ. ಹಿಂದಿನ ಭಾಗದಲ್ಲೂ ಆವಿ ಹೆಚ್ಚಾಗಿ ಸಿಕ್ಕಿದರೆ ಮುಂದಿನದು ತುಂಬಿ ಹರಿದಿದೆ, ಸಿಕ್ಕ ಲೆಕ್ಕ ನಿಜಕ್ಕಿಂತ ಕಡಿಮೆ ಎಂದರ್ಥ. ನಮ್ಮ ಸಾಯನ್‌ನಲ್ಲಿ ಮಂಕೀಕರ ಮಾರ್ಗದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ಈ ವಿದ್ಯೆಗೆಂದೇ ಒಂದು ವಿಭಾಗವಿದೆ.

1984ರ ಭೋಪಾಲ ದುರಂತದ ತರುವಾಯ, 1987ರಲ್ಲಿ, ಕಾರ್ಖಾನೆ ಕಾಯಿದೆಗೆ ವಿಷವಸ್ತುಗಳ ಮಿತಿಯ ಪಟ್ಟಿ ಸೇರಿತು. ಆ ಕಾಯಿದೆಯ ಸ್ಥಾನಕ್ಕೆ ಈಗ 2020ರ ಸಂಹಿತೆ ಬಂದಿದೆ. ಮಿತಿ ಎಂಬುದು ಉಳಿದಿದೆ.

ಆದರೆ ಮಿತಿಯೆಂದರೆ ಸಾಮಾನ್ಯವಾಗಿ 8 ಗಂಟೆಯ ಸರಾಸರಿ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 3 ಗಂಟೆ 40 ಪಾಲು ಟಾಲುಯಿನ್, ತೊಟ್ಟಿ ತೊಳೆಯುವ 1 ಗಂಟೆ 200, ಉಳಿದ 4 ಗಂಟೆ 10 ಎನ್ನಿ. ಕೂಡಿ ಭಾಗಿಸಿದರೆ 45. ತಲೆ ತಿರುಗಿಸಿದ ಆ ಒಂದು ಗಂಟೆ ಕಾಗದದಲ್ಲಿ ಮಾಯ! ಅದಕ್ಕೇ ಕೆಲವು ವಸ್ತುಗಳಿಗೆ 15 ನಿಮಿಷದ ಮಿತಿಯನ್ನೂ ಬೇರೆಯಾಗಿ ಇಟ್ಟಿದ್ದಾರೆ.

ಓವರ್‌ಟೈಮಿನ ಸಂಗತಿ ಇನ್ನೂ ಗಹನವಾದದ್ದು. 12 ಗಂಟೆ ದುಡಿದವನಿಗೆ ವಿಷ ಸೇರುವ ಹೊತ್ತು ಹೆಚ್ಚಿತು, ಮೈ ಅದನ್ನು ಹೊರಹಾಕುವ ಹೊತ್ತು 16ರಿಂದ 12ಕ್ಕೆ ಇಳಿಯಿತು. ಬ್ರೀಫ್ ಮತ್ತು ಸ್ಕಾಲಾ ಎಂಬವರು 1975ರಲ್ಲಿ ಕೊಟ್ಟ ಸೂತ್ರದಂತೆ ಅಂಥವನಿಗೆ ಮಿತಿಯನ್ನು ಅರ್ಧಕ್ಕೆ ಇಳಿಸಬೇಕು. ಊರಿಗೆ ಮನಿಯಾರ್ಡರು ಕಳಿಸಬೇಕೆಂದು ಎರಡನೆಯ ಪಾಳಿಗೂ ನಿಲ್ಲುವ ನಮ್ಮ ಹುಡುಗರು ಇದನ್ನು ತಿಳಿದಿರಲೇಬೇಕು.

ಚರ್ಮದಿಂದ ಒಳಸೇರುವ ಅನಿಲಿನ್, ಫಿನಾಲ್‌ಗಳು ಪಂಪಿಗೆ ಪೂರ್ತಿ ಸಿಕ್ಕುವುದಿಲ್ಲ. ಅದಕ್ಕೆ ಮೂತ್ರಪರೀಕ್ಷೆ ಬೇಕು, ಸೀಸಕ್ಕೆ ರಕ್ತಪರೀಕ್ಷೆ.

ಇನ್ನು ಗುಮಾಸ್ತ ಮಿತ್ರರಿಗೆ ಒಂದು ಮಾತು. ಈ ಅಂಕಿಗಳನ್ನು ರಿಜಿಸ್ಟರಿಗೆ ಏರಿಸುವ ಕೈ ಅನೇಕ ಕಡೆ ನಿಮ್ಮದೇ. ಅಂಕಿಯ ಪಕ್ಕದಲ್ಲಿ ಅಂದಿನ ಕೆಲಸ ಯಾವುದು, ಪಂಪು ಎಷ್ಟು ಗಂಟೆ ಓಡಿತು, ಗಾಳಿ ಹೊರಹಾಕುವ ಫ್ಯಾನು ನಡೆಯುತ್ತಿತ್ತೇ, ಕದ ತೆರೆದಿತ್ತೇ ಎಂದು ಬರೆಯಿರಿ. ಇನ್‌ಸ್ಪೆಕ್ಟರು ಬರುವ ದಿನ ಕದಗಳೆಲ್ಲ ತೆರೆದಿರುವುದು ನಿಮಗೆ ಗೊತ್ತಿಲ್ಲದ್ದೇನಲ್ಲ.