ಜಾತ್ರೆಯ ಕತ್ತಿ, ರಸ್ತೆಯ ಕತ್ತಿ

(ಉತ್ಸವದ ಸಂಜೆಯ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣದ ಬರಹರೂಪ)



ಡೆಂಕಣಿಕೋಟೆ ಬೇಟೆರಾಯಸ್ವಾಮಿಯ ಊರು. ದೇವರ ಹೆಸರಿನಲ್ಲೇ ಬೇಟೆಯಿದೆ. ಇಂಥ ಊರಿನಲ್ಲಿ ಕತ್ತಿಯ ಕಾನೂನನ್ನು ಕುರಿತು ನಾಲ್ಕು ಮಾತು ಹೇಳಿರೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಹರಿಕಥೆ ಕೇಳಲು ಬಂದವರಿಗೆ ಇದೇನು ಕಲಂ, ಕಾಯ್ದೆ ಎಂದು ಬೇಸರಪಡಬೇಡಿ. ನಮ್ಮ ಸೀಮೆಯ ಮೆರವಣಿಗೆಗಳಲ್ಲಿ ವೀರಗಾಸೆಯವರು, ಕರಗದ ವೀರಕುಮಾರರು ಕತ್ತಿ ಹಿಡಿಯುತ್ತಾರೆ. ಅದೇ ದಿನ ರೈತನೊಬ್ಬ ಗೋಣಿಯಲ್ಲಿ ಮಚ್ಚು ಸುತ್ತಿಕೊಂಡು ಆನೇಕಲ್ ಬಸ್ಸು ಹತ್ತುತ್ತಾನೆ. ಅದೇ ದಿನ ಹುಡುಗನೊಬ್ಬ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ತೇರು ನೋಡಲು ಬರುತ್ತಾನೆ. ಈ ಮೂವರನ್ನೂ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ಬಂದೂಕಿನ ಕಾಯ್ದೆ ಎಂದೇ ಬಹಳ ಜನ ತಿಳಿದಿದ್ದಾರೆ. ಹರಿತವಾದ ಮಾರಕಾಯುಧಗಳೂ ಅದರೊಳಗೇ ಬರುತ್ತವೆ. ಆದರೆ ಕೇವಲ ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ ವಸ್ತು ಆಯುಧವಲ್ಲವೆಂದು ಎರಡನೇ ಕಲಮೇ ಹೇಳುತ್ತದೆ. 2016ರ ನಿಯಮಗಳಲ್ಲಿ ಅಳತೆಯೂ ಇದೆ: ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಕತ್ತಿ, ಚಾಕು ಮುಂತಾದವು. ಅಲ್ಲಿಯೂ ಮನೆ, ಹೊಲ, ಕಾರ್ಖಾನೆಗಳ ಉಪಕರಣಗಳಿಗೆ ವಿನಾಯಿತಿ. ಕೇಂದ್ರ ಸರ್ಕಾರ ಯಾವ ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿದೆಯೋ ಅಲ್ಲಿ ಇಂಥ ಆಯುಧಕ್ಕೆ ಲೈಸೆನ್ಸು ಬೇಕೆನ್ನುವುದು ನಾಲ್ಕನೇ ಕಲಂ.

ಹಾಗಾದರೆ ಎಂಟು ಅಂಗುಲದ ಚಾಕು ಇಟ್ಟುಕೊಂಡರೆ ಯಾರೂ ಕೇಳುವಂತಿಲ್ಲ ಎಂದು ಯುವಕರು ಲೆಕ್ಕ ಹಾಕಬಾರದು. ಇಪ್ಪತ್ತನೇ ಕಲಮನ್ನು ಗಮನವಿಟ್ಟು ಕೇಳಿ. ಕೆಟ್ಟ ಕೆಲಸಕ್ಕೆ ಬಳಸುವ ಉದ್ದೇಶವಿದೆಯೆಂದು ಅನುಮಾನ ಬರುವ ರೀತಿಯಲ್ಲಿ ಆಯುಧ ಸಾಗಿಸುವವನನ್ನು ವಾರಂಟಿಲ್ಲದೆ ಹಿಡಿಯಬಹುದು, ಲೈಸೆನ್ಸಿದ್ದರೂ ಹಿಡಿಯಬಹುದು. ರಾಗಿ ಕೊಯ್ಲಿನ ದಿನ ಹೊಲದ ದಾರಿಯಲ್ಲಿ ಕಂಡ ಕುಡುಗೋಲಿಗೆ ಯಾರೂ ಅರ್ಥ ಹುಡುಕುವುದಿಲ್ಲ. ರಾತ್ರಿ ಹನ್ನೊಂದಕ್ಕೆ ತೇರುಬೀದಿಯಲ್ಲಿ ಅಂಗಿಯೊಳಗೆ ಸಿಕ್ಕಿದ ಮಡಚದ ಚಾಕು ತಾನೇ ಮಾತನಾಡುತ್ತದೆ. ಮಚ್ಚನ್ನು ಸಾಣೆಗೋ ತೋಟಕ್ಕೋ ಒಯ್ಯುವವರು ಅಲಗಿಗೆ ಬಟ್ಟೆ ಸುತ್ತಿ ಚೀಲದಲ್ಲಿಡಿ. ಕೇಳಿದರೆ ಎಲ್ಲಿಗೆ, ಏಕೆ ಎಂದು ನೆಟ್ಟಗೆ ಹೇಳಿ.

ಇತ್ತೀಚೆಗೆ ಇನ್ನೊಂದು ಚಪಲ ಸೇರಿದೆ. 2018ರ ಫೆಬ್ರವರಿಯಲ್ಲಿ ಚೆನ್ನೈ ಹೊರವಲಯದಲ್ಲಿ ರೌಡಿಯೊಬ್ಬನ ಹುಟ್ಟುಹಬ್ಬದಲ್ಲಿ ಮಚ್ಚಿನಿಂದ ಕೇಕು ಕತ್ತರಿಸಿದರು. ಪೊಲೀಸರು 70ಕ್ಕೂ ಹೆಚ್ಚು ಜನರನ್ನು ಹಿಡಿದರು. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ಕಿರುತೆರೆ ನಟರ ಮೇಲೆ ಇದೇ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯಾಯಿತು. ಅದು ಫೈಬರ್ ಮಚ್ಚು ಎಂಬ ಮಾತೂ ಬಂತು, ಅಷ್ಟರಲ್ಲಿ ಬಂಧನವಾಗಿತ್ತು. ನಟರಿಗೆ ವಕೀಲರು ಸಿಗುತ್ತಾರೆ. ನಮ್ಮ ಹುಡುಗರ ಪಾಲಿಗೆ ಸರ್ಕಾರಿ ಕೆಲಸ, ಪಾಸ್‌ಪೋರ್ಟು, ಎಲ್ಲಕ್ಕೂ ಅದೊಂದು ಎಫ್.ಐ.ಆರ್. ಅಡ್ಡ ನಿಲ್ಲುತ್ತದೆ.

ಇನ್ನು ದೇವರ ಕತ್ತಿಯ ವಿಚಾರ. ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ಹೆಸರಿಟ್ಟು ಹೇಳಿರುವುದು ಸಿಖ್ಖರ ಕೃಪಾಣವನ್ನು ಮಾತ್ರ. ಅವರಿಗೂ ಎಲ್ಲೆಡೆ ಮಿತಿಯಿಲ್ಲದೆ ಬಿಟ್ಟಿಲ್ಲ. ದೇಶದೊಳಗಿನ ವಿಮಾನದಲ್ಲಿ ಅಲಗು 6 ಅಂಗುಲ, ಒಟ್ಟು 9 ಅಂಗುಲ ಮೀರಬಾರದು. ಕಲ್ಕತ್ತೆಯಲ್ಲಿ ಆನಂದಮಾರ್ಗದವರು ಚಾಕು, ತ್ರಿಶೂಲ, ತಲೆಬುರುಡೆ ಹಿಡಿದು ಬೀದಿಯಲ್ಲಿ ತಾಂಡವ ಕುಣಿಯುವುದು ತಮ್ಮ ಧರ್ಮದ ಹಕ್ಕೆಂದು ಸುಪ್ರೀಂ ಕೋರ್ಟಿಗೆ ಹೋದರು. ಆ ಕುಣಿತ 1966ರಲ್ಲಿ ಸೇರಿಸಿದ್ದು, ಧರ್ಮಕ್ಕೆ ಅತ್ಯಗತ್ಯವಾದುದಲ್ಲ ಎಂದು 1983ರಲ್ಲಿ ತೀರ್ಪಾಯಿತು. ಅದೇ ತೀರ್ಪು 144ನೇ ಕಲಮಿನ ನಿಷೇಧಾಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಿ ಶಾಶ್ವತ ಮಾಡಿಕೊಳ್ಳುವಂತಿಲ್ಲವೆಂದು ಪೊಲೀಸರಿಗೂ ಹೇಳಿತು. ಅದನ್ನು ನಾವು ಮರೆಯಬಾರದು. ವೀರಗಾಸೆ ನಿನ್ನೆ ಮೊನ್ನೆಯದಲ್ಲ, ನಮ್ಮ ವಾದ ಅವರದಕ್ಕಿಂತ ಗಟ್ಟಿ ಎಂದು ನನ್ನ ಅಭಿಪ್ರಾಯ. ಆದರೂ ಹಳೆಯ ಪದ್ಧತಿ ಎಂಬ ಮಾತೊಂದನ್ನೇ ಕಾಗದವೆಂದು ತೋರಿಸಲಾಗದು.

ಆ ಹಳೆಯ 144, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಅದರಡಿ ಹೊಸೂರಿನ ಸಬ್ ಕಲೆಕ್ಟರ್ ಆಜ್ಞೆ ಹೊರಡಿಸಿದರೆ, ಅದು ಜಾರಿಯಲ್ಲಿರುವಷ್ಟು ದಿನ, ಸಾಮಾನ್ಯವಾಗಿ ಎರಡು ತಿಂಗಳು ಮೀರದಂತೆ, ಅದರಲ್ಲಿ ಬರೆದ ಮಾತೇ ಅಂತಿಮ. ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ: ಕತ್ತಿ ಹಿಡಿಯುವವರ ಹೆಸರಿನ ಪಟ್ಟಿಯನ್ನು ಠಾಣೆಗೆ ಮೊದಲೇ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಕತ್ತಿಗಳು ದೇವಸ್ಥಾನದಿಂದಲೇ ಎಣಿಸಿ ಹೊರಡಲಿ, ಎಣಿಸಿಯೇ ಒಳಗೆ ಬರಲಿ. ಪಟ್ಟಿಯಲ್ಲಿಲ್ಲದವನ ಕೈಯಲ್ಲಿ ಕತ್ತಿ ಕಂಡರೆ ಸ್ವಯಂಸೇವಕರೇ, ಅವನು ನಿಮ್ಮ ಸ್ವಂತ ತಮ್ಮನಾದರೂ ಸರಿ, ಇಸಿದುಕೊಂಡು ಪಾರುಪತ್ಯಗಾರರಿಗೆ ಒಪ್ಪಿಸಿ.

ಮಹಾಮಂಗಳಾರತಿಗೆ ಹೊತ್ತಾಯಿತು.